ಧ್ವನಿಮುದ್ರಿಕೆಯೂ ಅದರ ಮುಳ್ಳೂ

ಯುಗಾದಿಯ ಸಂಚಿಕೆಯಲ್ಲಿ ಹೊಲಿಗೆಯ ಯಂತ್ರದ ಸೂಜಿಯನ್ನು ಕುರಿತು ನಾವು ನಾಲ್ಕು ಮಾತುಗಳನ್ನು ಬರೆದಿದ್ದೆವು. ಮೊಂಡಾದ ಸೂಜಿಯು ಬಟ್ಟೆಯನ್ನು ಹೊಲಿಯುವುದಕ್ಕಿಂತ ಹೆಚ್ಚಾಗಿ ಹರಿಯುತ್ತದೆಂದು ಅಲ್ಲಿ ಹೇಳಿದ್ದು ಧಾರವಾಡದ ಸೋದರಿಯೊಬ್ಬರಿಗೆ ಬೇರೊಂದು ಸೂಜಿಯ ನೆನಪನ್ನು ತಂದಿತಂತೆ. ಅವರು ಬರೆದ ಕಾಗದದ ಸಾರಾಂಶವಿದು. ಅವರ ಯಜಮಾನರು ಸಂಗೀತದ ಹುಚ್ಚುಳ್ಳವರು. ಮೂರು ವರ್ಷಗಳ ಹಿಂದೆ ತೀರಿಕೊಂಡರು. ಅವರು ಬಿಟ್ಟುಹೋದುದರಲ್ಲಿ ಎಂಬತ್ತು ಎಲ್.ಪಿ. ತಟ್ಟೆಗಳೂ ಇಪ್ಪತ್ತೆರಡು ಹಳೆಯ ಅರಗಿನ ತಟ್ಟೆಗಳೂ ಇವೆ. ಹಳೆಯ ಪೆಟ್ಟಿಗೆಯು ಕೆಟ್ಟು ಮೂಲೆ ಸೇರಿದ ಮೇಲೆ, ಪರದೇಶದಲ್ಲಿರುವ ಮಗನು ಕಳೆದ ದೀಪಾವಳಿಗೆ ಒಂದು ಹೊಸ ಟರ್ನ್‌ಟೇಬಲ್ಲನ್ನು ಕಳುಹಿಸಿಕೊಟ್ಟನು. ಹಾಡಿನ ಆರಂಭವು ಚೆನ್ನಾಗಿಯೇ ಕೇಳಿಸುತ್ತದೆ; ಮಗ್ಗುಲು ಮುಗಿಯುತ್ತ ಬಂದಂತೆಲ್ಲ ಗಾಯಕರ ಕಂಠವು ಒಡೆದಂತಾಗಿ, ಸಕಾರಗಳೆಲ್ಲ ಸೀಳಿಕೊಂಡು ಬರುತ್ತವೆ. ಒಳ್ಳೆಯ ಕಾರ್ಟ್ರಿಜ್ಜು ಹಾಕಿಸಬೇಕೆಂದು ಮಗನು ಹೇಳುತ್ತಾನೆ. ಅವನು ಹೇಳುವ ಬೆಲೆಯು ಈ ತಾಯಿಗೆ ಎರಡು ತಿಂಗಳ ಪಿಂಚಣಿ. “ತಟ್ಟೆಗಳು ಹಾಳಾಗಿವೆಯೋ, ಮುಳ್ಳು ಹಾಳಾಗಿದೆಯೋ, ನನ್ನ ಕಿವಿಯೇ ಹಾಳಾಗಿದೆಯೋ ತಿಳಿಯದಾಗಿದೆ. ಹಣ ಖರ್ಚು ಮಾಡುವ ಮೊದಲು ನಿಮ್ಮನ್ನು ಕೇಳುತ್ತಿದ್ದೇನೆ” ಎಂದು ಕಾಗದವನ್ನು ಮುಗಿಸಿದ್ದರು.

ಈ ಪ್ರಶ್ನೆಗೆ ಕಾಗದದ ಮೂಲಕ ಉತ್ತರ ಕೊಡುವುದು ಸುಲಭವಲ್ಲ. ಅದೃಷ್ಟವಶದಿಂದ ವೈಶಾಖಮಾಸದಲ್ಲಿ ನಾವು ಒಂದು ಮದುವೆಗೆಂದು ಧಾರವಾಡಕ್ಕೆ ಹೋಗಬೇಕಾಗಿ ಬಂದಿತು. ಹೋಗುವಾಗ ಕೈಚೀಲದಲ್ಲಿ ಒಂದು ಪುಟ್ಟ ತಕ್ಕಡಿ, ಒಂದು ಮುಖನೋಡುವ ಕನ್ನಡಿ, ಗೆರೆಯೆಳೆದ ಒಂದು ಕಾಗದ, ಇವಿಷ್ಟನ್ನು ಇಟ್ಟುಕೊಂಡು ಹೊರಟೆವು. ಅಲ್ಲಿ ಕಂಡುದನ್ನು ಹೇಳುವ ಮೊದಲು ಈ ಕಾರ್ಟ್ರಿಜ್ಜೆಂಬ ವಸ್ತುವಿನ ಪರಿಚಯವನ್ನು ಮಾಡಿಕೊಡುವುದು ಅವಶ್ಯವೆಂದು ತೋರುತ್ತದೆ.

ಕೀಲಿ ಕೊಡುವ ಹಳೆಯ ಗ್ರಾಮಾಫೋನನ್ನು ಕಂಡವರಿಗೆ ಅದರೊಡನೆ ಬರುತ್ತಿದ್ದ ಚಿಕ್ಕ ತಗಡಿನ ಡಬ್ಬಿಯ ನೆನಪಿರಬಹುದು. ಅದರ ತುಂಬ ಉಕ್ಕಿನ ಮುಳ್ಳುಗಳು. ಒಂದು ಮಗ್ಗುಲು ಮುಗಿದ ಕೂಡಲೆ ಮುಳ್ಳನ್ನು ತೆಗೆದೆಸೆದು ಹೊಸದನ್ನು ಸಿಕ್ಕಿಸಬೇಕು. ಅದು ಲೋಭ ಮಾಡುವ ವಿಷಯವಾಗಿರಲಿಲ್ಲ. ಆ ತಟ್ಟೆಗಳನ್ನು ಅರಗಿಗೆ ಕಲ್ಲಿನ ಪುಡಿಯನ್ನು ಬೆರಸಿ ಅಚ್ಚೊತ್ತುತ್ತಿದ್ದರು. ಮೊದಲ ಕೆಲವು ಸುತ್ತುಗಳಲ್ಲಿಯೇ ಆ ಪುಡಿಯು ಉಕ್ಕಿನ ಮೊನೆಯನ್ನು ಸಾಣೆ ಹಿಡಿದಂತೆ ಉಜ್ಜಿ, ಗೆರೆಯ ಅಳತೆಗೆ ಸರಿಯಾಗಿ ತಿದ್ದುತ್ತಿತ್ತು. ಮೊನೆಯ ಮೇಲಿನ ಭಾರವು ನೂರು ಗ್ರಾಮಿಗೂ ಮೀರಿದ್ದು. ಅಂತೂ ಅಂದಿನ ವ್ಯವಸ್ಥೆಯಲ್ಲಿ ಸವೆಯಬೇಕಾದದ್ದು ಮುಳ್ಳು, ಉಳಿಯಬೇಕಾದದ್ದು ತಟ್ಟೆ.

1948ನೆಯ ಇಸವಿಯ ಜೂನ್ ತಿಂಗಳಲ್ಲಿ ಅಮೆರಿಕೆಯ ಕೊಲಂಬಿಯಾ ಸಂಸ್ಥೆಯವರು ಎಲ್.ಪಿ. ಎಂಬ ದೀರ್ಘವಾದನದ ತಟ್ಟೆಯನ್ನು ಹೊರಗೆ ತಂದ ಮೇಲೆ ಈ ಸಂಬಂಧವು ತಲೆಕೆಳಗಾಯಿತು. ಹೊಸ ತಟ್ಟೆಯು ವಿನೈಲ್ ಎಂಬ ಮೆತ್ತನೆಯ ವಸ್ತುವಿನದು. ಅದರ ಮೇಲೆ ಓಡುವುದು ವಜ್ರದ ತುದಿ. ಈಗ ತಪ್ಪಾದರೆ ದಂಡ ತೆರುವುದು ತಟ್ಟೆ. ಕೀಲಿಯ ಗ್ರಾಮಾಫೋನಿನ ಮೇಲೆ ಎಲ್.ಪಿ.ಯನ್ನು ಹಾಕಿ ನೋಡುವ ಕುತೂಹಲವು ಮಕ್ಕಳಿಗೆ ಹುಟ್ಟುವುದುಂಟು. ಒಂದೇ ಒಂದು ಸಲ ಹಾಗೆ ಮಾಡಿದರೂ ಆ ಹಾಡು ಹೋಯಿತೆಂದೇ ತಿಳಿಯತಕ್ಕದ್ದು. ಆ ಪೆಟ್ಟಿಗೆಯು ಮನೆಯಲ್ಲಿ ಅಲಂಕಾರಕ್ಕೆಂದು ಇದ್ದರೂ ಈ ಮಾತನ್ನು ಮಕ್ಕಳಿಗೆ ಹೇಳಿಟ್ಟಿರುವುದು ಒಳಿತು.

ಇನ್ನು ಕಾರ್ಟ್ರಿಜ್ಜು. ತೋಳಿನ ತುದಿಯಲ್ಲಿ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾಗಿ ಕಾಣುವ ಪೆಟ್ಟಿಗೆಯೇ ಅದು. ಅದರ ಹೊಟ್ಟೆಯ ಕೆಳಗಿನಿಂದ ಕೂದಲಿನಂತಹ ಒಂದು ಸರಳು ಹೊರಚಾಚಿದೆ. ಸರಳಿನ ಹೊರತುದಿಯಲ್ಲಿ ವಜ್ರದ ಕಣ, ಒಳತುದಿಯಲ್ಲಿ ಸೂಜಿಗಲ್ಲಿನ ಚೂರು, ಅದರ ಸುತ್ತ ತಂತಿಯ ಸುರುಳಿಗಳು. ಗೆರೆಯ ಅಂಕುಡೊಂಕಿಗೆ ವಜ್ರವು ನಡುಗಿದರೆ ಸೂಜಿಗಲ್ಲೂ ನಡುಗುತ್ತದೆ. ಅದರಿಂದ ಸುರುಳಿಯಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟುತ್ತದೆ. ಅದೇ ಮುಂದೆ ಹಿಗ್ಗಿ ನಾದವಾಗುತ್ತದೆ. ಗೆರೆಯೆಂದು ನಾವು ಕರೆಯುವುದು ವಾಸ್ತವವಾಗಿ ಎರಡು ಇಳಿಜಾರು ಗೋಡೆಗಳುಳ್ಳ ಒಂದು ಸಣ್ಣ ಕಾಲುವೆ. ಸ್ಟೀರಿಯೊ ತಟ್ಟೆಯಲ್ಲಿ ಕೇಂದ್ರದ ಕಡೆಯ ಗೋಡೆಯು ಎಡಗಡೆಯ ಧ್ವನಿಯನ್ನೂ ಅಂಚಿನ ಕಡೆಯ ಗೋಡೆಯು ಬಲಗಡೆಯ ಧ್ವನಿಯನ್ನೂ ಹೊತ್ತಿರುತ್ತವೆ. ವಜ್ರವು ಈ ಎರಡು ಗೋಡೆಗಳನ್ನೂ ಸಮವಾಗಿ ಮುಟ್ಟಿಕೊಂಡು ಸಾಗಬೇಕು. ಕಾರ್ಟ್ರಿಜ್ಜನ್ನು ಆರಿಸುವುದೂ ಕೂಡಿಸುವುದೂ ಇದೊಂದಕ್ಕಾಗಿ.

ಮೇಲೆ ಹೇಳಿದ್ದು ಸೂಜಿಗಲ್ಲು ನಡುಗುವ ಜಾತಿ. ಅಂಗಡಿಯವರು ಇದನ್ನು ಮೂವಿಂಗ್ ಮ್ಯಾಗ್ನೆಟ್ ಎನ್ನುತ್ತಾರೆ. ಗೃಹಸ್ಥರಿಗೆ ಇದೇ ಸಾಕೆಂದು ನಮ್ಮ ಅಭಿಪ್ರಾಯ. ಇದರ ಮುಳ್ಳು ಸವೆದರೆ ಮುಳ್ಳಿನ ತುಂಡೊಂದನ್ನೇ ಎಳೆದು ತೆಗೆದು, ಹೊಸದನ್ನು ಮನೆಯಲ್ಲಿಯೇ ಸಿಕ್ಕಿಸಬಹುದು. ಪೆಟ್ಟಿಗೆಯು ಹಳೆಯದೇ ಇರುತ್ತದೆ. ಎರಡನೆಯ ಜಾತಿಯಲ್ಲಿ ಸೂಜಿಗಲ್ಲು ನಿಂತಿದ್ದು ಸುರುಳಿಯೇ ನಡುಗುತ್ತದೆ. ಜಪಾನಿನ ಡೆನನ್ ಸಂಸ್ಥೆಯವರು ಅಲ್ಲಿನ ಆಕಾಶವಾಣಿಗಾಗಿ 1960ರ ದಶಕದ ಆರಂಭದಲ್ಲಿ ರೂಪಿಸಿದ ಡಿಎಲ್-103 ಇಂಥದು. ಕೇಳಿದವರು ಅದನ್ನು ಬಹಳ ಹೊಗಳುತ್ತಾರೆ. ಆದರೆ ಮೊದಲನೆಯ ಜಾತಿಯು ಮೂರರಿಂದ ಐದು ಮಿಲಿವೋಲ್ಟು ಕೊಟ್ಟರೆ ಇದು ಕೊಡುವುದು ಸುಮಾರು ಅದರ ಹತ್ತರಲ್ಲೊಂದು ಪಾಲು. ಇದಕ್ಕೆ ತಕ್ಕ ಬೇರೆ ವರ್ಧಕ ಬೇಕು, ಭಾರವಾದ ತೋಳು ಬೇಕು. ಮುಳ್ಳು ಸವೆದರೆ ಸಾಮಾನ್ಯವಾಗಿ ಪೆಟ್ಟಿಗೆಯನ್ನೇ ತಯಾರಕರಿಗೆ ಒಪ್ಪಿಸಬೇಕು. ಮೂರನೆಯದು ಸಿರಾಮಿಕ್ ಎಂಬ ಅಗ್ಗದ ಜಾತಿ. ಸೂಟುಕೇಸಿನ ಆಕಾರದಲ್ಲಿ ಇತ್ತೀಚೆಗೆ ಮಾರಾಟಕ್ಕೆ ಬರುವ ಚಂದದ ಪೆಟ್ಟಿಗೆಗಳಲ್ಲಿ ಬಹುಮಟ್ಟಿಗೆ ಇರುವುದು ಇದೇ. ಇದರ ಸರಳು ಬಿಗಿ. ಆದಕಾರಣ ನಾಲ್ಕೈದು ಗ್ರಾಮಿನ ಭಾರವಿಲ್ಲದೆ ಇದು ಗೆರೆಯಲ್ಲಿ ನಿಲ್ಲುವುದಿಲ್ಲ. ಸಂತೆಯಲ್ಲಿ ಕೊಂಡ ಹಾಡಿಗೆ ಇದು ಆದೀತು. ತಂದೆತಾಯಿಗಳು ಕೂಡಿಸಿಟ್ಟ ತಟ್ಟೆಗಳಿಗೆ ಬೇಡ.

ತೋಳಿನ ವಿಷಯವನ್ನು ಹೇಳಿದೆವಷ್ಟೆ. ಸರಳು ಮೆತ್ತಗಿದ್ದರೆ ತೋಳು ಹಗುರವಾಗಿರಬೇಕು, ಸರಳು ಬಿಗಿಯಾಗಿದ್ದರೆ ತೋಳು ಭಾರವಾಗಿರಬೇಕು. ಇವೆರಡೂ ಸೇರಿ, ತೊಟ್ಟಿಲಿನಂತೆ, ತಮ್ಮದೇ ಆದ ಒಂದು ತೂಗಾಟವನ್ನು ಹೊಂದಿರುತ್ತವೆ. ಅದು ಸೆಕೆಂಡಿಗೆ ಎಂಟರಿಂದ ಹನ್ನೆರಡು ಸಲದ ಒಳಗಿದ್ದರೆ ಕ್ಷೇಮ. ಅದಕ್ಕಿಂತ ನಿಧಾನವಾದರೆ ಸೊಟ್ಟಗಾದ ತಟ್ಟೆಯ ಏರಿಳಿತಕ್ಕೂ ನೆಲದ ಮೇಲೆ ನಡೆದಾಡುವವರ ಹೆಜ್ಜೆಗೂ ತೋಳು ಕುಣಿಯುತ್ತದೆ. ಅದಕ್ಕಿಂತ ವೇಗವಾದರೆ ಮೃದಂಗದ ಕೆಳಸ್ವರಕ್ಕೆ ಸೋಕುತ್ತದೆ. ಮನೆಗಳಿಗೆಂದು ಮಾಡಿದ ಇಂದಿನ ಬಹುಪಾಲು ತೋಳುಗಳು ಮಧ್ಯಮ ಭಾರದವು. ಸಾಧಾರಣವಾದ ಮೂವಿಂಗ್ ಮ್ಯಾಗ್ನೆಟ್ ಜಾತಿಯು ಅವಕ್ಕೆ ಹೊಂದಿಕೊಳ್ಳುತ್ತದೆ.

ಪೆಟ್ಟಿಗೆಗಿಂತ ಹೆಚ್ಚಾಗಿ ಯೋಚಿಸಬೇಕಾದದ್ದು ವಜ್ರದ ತುದಿಯ ಆಕಾರವನ್ನು. ಎಲ್ಲಕ್ಕಿಂತ ಅಗ್ಗವಾದದ್ದು ದುಂಡು ತುದಿ, ಎಲ್.ಪಿ.ಗೆ ಇದರ ತ್ರಿಜ್ಯವು ಸುಮಾರು 18 ಮೈಕ್ರಾನು, ಅಂದರೆ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಹದಿನೆಂಟು ಪಾಲು. ಇದು ಒರಟುತನವನ್ನು ಸಹಿಸಿಕೊಳ್ಳುತ್ತದೆ. ಕೂಡಿಸುವಾಗ ಸ್ವಲ್ಪ ತಪ್ಪಿದರೂ ಮುನಿಯುವುದಿಲ್ಲ. ಆದರೆ ಗೆರೆಯ ಬಹು ಸೂಕ್ಷ್ಮವಾದ ಬಳುಕುಗಳ ಒಳಹೊಗಲಾರದು. ಅಂಡಾಕಾರದ ತುದಿಯು ಅಡ್ಡಲಾಗಿ ಅಷ್ಟೇ ಅಗಲವಿದ್ದು, ಗೋಡೆಗಳನ್ನು ಮುಟ್ಟುವ ಮಗ್ಗುಲುಗಳಲ್ಲಿ ಸುಮಾರು 8 ಮೈಕ್ರಾನಿನಷ್ಟು ಕಿರಿದಾಗಿರುತ್ತದೆ. ಇದಕ್ಕೂ ಮೇಲೆ ಶಿಬಾಟಾ, ಮೈಕ್ರೊಲೈನ್ ಎಂಬ ಹೆಸರಿನ, ಬಹಳ ಶ್ರಮದಿಂದ ಅರೆದು ಮಾಡಿದ ತುದಿಗಳುಂಟು. ಬೆಲೆಯೂ ಹಲವು ಪಾಲು ಹೆಚ್ಚು. ಇವು ಗೋಡೆಯನ್ನು ಒಂದು ಚುಕ್ಕೆಯಲ್ಲಿ ಒತ್ತುವ ಬದಲು ಮೇಲಿಂದ ಕೆಳಕ್ಕೆ ಒಂದು ಸಣ್ಣ ಗೀಟಿನ ಉದ್ದಕ್ಕೂ ಮುಟ್ಟುವುದರಿಂದ ತಾವೂ ನಿಧಾನವಾಗಿ ಸವೆಯುತ್ತವೆ. ಆಡಿಯೊ-ಟೆಕ್ನಿಕಾ ಸಂಸ್ಥೆಯವರು ತಮ್ಮ ಮುಳ್ಳುಗಳಿಗೆ ಹೇಳುವ ಆಯುಸ್ಸು ಹೀಗಿದೆ: ಅಂಡಾಕಾರದ್ದಕ್ಕೆ ಸುಮಾರು 300 ಗಂಟೆ, ದುಂಡು ತುದಿಗೆ 500, ಶಿಬಾಟಾಕ್ಕೆ 800, ಮೈಕ್ರೊಲೈನಿಗೆ 1000. ಗಂಟೆಗೆ ಬೀಳುವ ಖರ್ಚನ್ನು ಲೆಕ್ಕ ಹಾಕಿದರೆ ದುಬಾರಿಯದು ಅಷ್ಟೇನೂ ದುಬಾರಿಯಲ್ಲವೆಂದು ತೋರೀತು. ಆದರೆ ಅದು ಸರಿಯಾಗಿ ಕೂಡಿಸಿದವರಿಗೆ ಮಾತ್ರ ಫಲ ಕೊಡುವ ವಸ್ತು. ವಕ್ರವಾಗಿ ಕೂಡಿಸಿದ ಮೈಕ್ರೊಲೈನಿಗಿಂತ ನೆಟ್ಟಗೆ ಕೂಡಿಸಿದ ದುಂಡು ತುದಿಯೇ ಮೇಲೆಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಅರಗಿನ ತಟ್ಟೆಗಳ ಮಾತೇ ಬೇರೆ. ನಿಮಿಷಕ್ಕೆ 78 ಸುತ್ತು ತಿರುಗುವ ಇವು ನಮ್ಮ ದೇಶದಲ್ಲಿ 1960ರ ದಶಕದಲ್ಲಿಯೂ ಅಚ್ಚಾಗುತ್ತಿದ್ದುದರಿಂದ ಕನ್ನಡನಾಡಿನ ಎಷ್ಟೋ ಮನೆಗಳ ಅಟ್ಟದಲ್ಲಿ ಇನ್ನೂ ಉಳಿದುಕೊಂಡಿವೆ. ಇವುಗಳ ಗೆರೆಯು ಅಗಲ; ಇದಕ್ಕೆ ಬೇಕಾದದ್ದು 65ರಿಂದ 76 ಮೈಕ್ರಾನಿನ ದಪ್ಪ ತುದಿ. ಎಲ್.ಪಿ.ಯ ಮುಳ್ಳನ್ನು ಇದರ ಮೇಲಿಟ್ಟರೆ ಅದು ಗೋಡೆಗಳನ್ನು ಬಿಟ್ಟು ಕಾಲುವೆಯ ತಳದ ಕಸದಲ್ಲಿ ತೆವಳುತ್ತದೆ. ಹಾಡಿಗಿಂತ ಕೊರಕೊರ ಸದ್ದೇ ಮುಂದು. ಇದರ ದಪ್ಪ ಮುಳ್ಳನ್ನು ಎಲ್.ಪಿ.ಯ ಮೇಲಿಟ್ಟರೆ ಗೆರೆಯ ತುಟಿಗಳನ್ನೇ ಕೆತ್ತಿ ಹಾಕುತ್ತದೆ. ಹಳೆಯ ಪೆಟ್ಟಿಗೆಗಳಲ್ಲಿ ಒಂದು ಚಿಕ್ಕ ಹಿಡಿಯನ್ನು ಹೊರಳಿಸಿದರೆ ಮುಳ್ಳು ಮಗ್ಗುಲು ಬದಲಾಯಿಸುವ ಏರ್ಪಾಡಿತ್ತು. ಈಗ ಮುಳ್ಳಿನ ತುಂಡನ್ನೇ ಬದಲಾಯಿಸಬೇಕು. ಆಡಿಯೊ-ಟೆಕ್ನಿಕಾದವರ ವಿಎಂ95 ಎಂಬ ಪೆಟ್ಟಿಗೆಗೆ ಆರು ಬಗೆಯ ಮುಳ್ಳುಗಳಿದ್ದು ಅವುಗಳಲ್ಲಿ ಒಂದು 78ರದು. ಡೆನ್ಮಾರ್ಕಿನ ಆರ್ಟೊಫೋನ್ ಸಂಸ್ಥೆಯವರದೂ ಒಂದುಂಟು. ಕೊಳ್ಳುವ ಮುನ್ನ ತಮ್ಮ ಟರ್ನ್‌ಟೇಬಲ್ಲಿಗೆ 78ರ ವೇಗವಿದೆಯೇ ಎಂದು ನೋಡಿಕೊಳ್ಳಬೇಕು; ಈಗಿನ ಎಷ್ಟೋ ಯಂತ್ರಗಳಿಗೆ ಅದಿಲ್ಲ. ಧ್ವನಿವರ್ಧಕದಲ್ಲಿ ಮೋನೊ ಎಂಬ ಗುಂಡಿಯಿದ್ದರೆ ಇವುಗಳನ್ನು ನುಡಿಸುವಾಗ ಅದನ್ನು ಒತ್ತಿದರೆ ಸದ್ದು ಬಹಳಮಟ್ಟಿಗೆ ಅಡಗುತ್ತದೆ. ಇನ್ನೊಂದು ಮಾತು: ಅರಗಿನ ತಟ್ಟೆಯನ್ನು ಸ್ಪಿರಿಟಿನಿಂದ ಎಂದಿಗೂ ಒರಸಕೂಡದು, ಅರಗು ಅದರಲ್ಲಿ ಕರಗಿಹೋಗುತ್ತದೆ.

ಈ ತಟ್ಟೆಗಳಿಗಾಗಿ ಇಷ್ಟು ಶ್ರಮವೇಕೆಂದು ಕೇಳುವವರಿಗೆ ಒಂದು ನಿದರ್ಶನವನ್ನು ಕೊಡುತ್ತೇವೆ. ಗಂಗೂಬಾಯಿ ಹಾನಗಲ್ಲರ ಗಂಭೀರವಾದ, ಗಂಡುದನಿಯಂತಹ ಕಂಠವನ್ನು ಅರಿಯದವರಿಲ್ಲ. ಗಂಟಲಿನ ಚಿಕಿತ್ಸೆಯಾಗುವುದಕ್ಕೆ ಮುಂಚೆ ಅವರ ಕಂಠವು ಎಳೆಯದಾಗಿ, ಏರುಶ್ರುತಿಯಲ್ಲಿತ್ತು. ಆ ಕಂಠವು ನಮಗೆ ಉಳಿದು ಬಂದಿರುವುದು ಅವರ ತಾರುಣ್ಯದ 78ರ ತಟ್ಟೆಗಳಲ್ಲಿ. ಅಂತಹದೊಂದು ತಟ್ಟೆಯು ಈ ಧಾರವಾಡದ ಮನೆಯಲ್ಲಿಯೇ ಇತ್ತು. ಪುಣ್ಯಕ್ಕೆ ಮೊಮ್ಮಗನು ಅದರ ಮೇಲೆ ಇನ್ನೂ ಕೈ ಇಟ್ಟಿರಲಿಲ್ಲ.

ಮಾಳಮಡ್ಡಿಯ ಆ ಮನೆಯನ್ನು ನಾವು ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಸೋದರಿಯವರು ಅವಲಕ್ಕಿ, ಚಹಾ ಕೊಟ್ಟು, ಮಲ್ಲಿಕಾರ್ಜುನ ಮನಸೂರರ ಒಂದು ಎಲ್.ಪಿ.ಯನ್ನು ಹಾಕಿ ಕೇಳಿಸಿದರು. ಅವರು ಬರೆದಿದ್ದುದು ಅಕ್ಷರಶಃ ನಿಜ. ವಿಲಂಬಿತವು ಹಿತವಾಗಿಯೇ ಸಾಗಿತು; ದ್ರುತ ಬಂದು ತಾನಗಳು ಹೊರಟೊಡನೆ ಸ್ವರಗಳು ಹರಿದ ಬಟ್ಟೆಯ ಅಂಚಿನಂತೆ ಎಳೆಯೆಳೆಯಾದುವು. ಅವರ ಕಿವಿಗೆ ಏನೂ ಆಗಿರಲಿಲ್ಲ.

ಇದಕ್ಕೆ ಒಂದು ಕಾರಣವು ತಟ್ಟೆಯ ಹುಟ್ಟಿನಲ್ಲಿಯೇ ಇದೆ. ಎಲ್.ಪಿ.ಯು ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗುತ್ತದೆ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರು ಗೆರೆಯು ಹಾದುಹೋದರೆ, ಒಳಗಿನ ಕೊನೆಯ ಸುತ್ತಿನಲ್ಲಿ ಹಾದುಹೋಗುವುದು 21 ಸೆಂಟಿಮೀಟರು ಮಾತ್ರ. ಅದೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮಡಿಚಿ ತುರುಕಿದಂತಾಯಿತು. ಬಳುಕುಗಳೆಲ್ಲ ಒತ್ತೊತ್ತಾಗಿ, ಮುಳ್ಳಿಗೆ ಅತಿ ಕಷ್ಟವಾದ ದಾರಿ ಅದು. ವಿಲಾಯತಿಯ ಹಾಡುಗಳನ್ನು ಅಚ್ಚು ಮಾಡುವವರು ಮೆಲುದನಿಯ ಹಾಡನ್ನು ಒಳಸುತ್ತಿಗೆ ಇಡುವ ಉಪಾಯವನ್ನು ಮಾಡಬಹುದು. ನಮ್ಮ ಖಯಾಲಿಗೆ ಆ ಉಪಾಯವಿಲ್ಲ. ನಿಧಾನವಾಗಿ ಹೊರಟು ಕೊನೆಯಲ್ಲಿ ಬಿರುಸಾಗುವುದೇ ಅದರ ಧರ್ಮ. ಆದಕಾರಣ ಮುಳ್ಳು ತೀರ ಬಳಲುವ ಜಾಗದಲ್ಲಿಯೇ ಗಾಯಕರು ತಮ್ಮ ಸರ್ವಸ್ವವನ್ನೂ ಹೊರಗಿಡುತ್ತಾರೆ. ನಮ್ಮ ಸಂಗೀತವನ್ನು ಕೇಳುವವರು ಮುಳ್ಳನ್ನು ಕೂಡಿಸುವುದರಲ್ಲಿ ಬೇರೆಯವರಿಗಿಂತ ಹೆಚ್ಚು ಎಚ್ಚರವಾಗಿರಬೇಕೆಂದು ನಾವು ಹೇಳುವುದು ಇದಕ್ಕಾಗಿ.

ತಕ್ಕಡಿಯನ್ನು ತೆಗೆದು, ತಿರುಗದೆ ನಿಂತ ಮಣೆಯ ಮೇಲಿಟ್ಟು, ಮುಳ್ಳನ್ನು ಮೆಲ್ಲನೆ ಅದರ ಮೇಲಿಳಿಸಿದೆವು. 1.1 ಗ್ರಾಂ ತೋರಿಸಿತು. ಆ ಕಾರ್ಟ್ರಿಜ್ಜಿಗೆ ತಯಾರಕರು ಹೇಳಿರುವ ಭಾರವು 1.8ರಿಂದ 2.2.

“ಅಲ್ರೀ, ಹಗೂರ ಇದ್ದಷ್ಟೂ ತಟ್ಟಿ ಸವಿಯೂದಿಲ್ಲ ಅಂತ ಮೊಮ್ಮಗ ಹೇಳಿದಾ. ಅದಕ್ಕ ನಾನೇ ಹಗೂರ ಮಾಡು ಅಂದೆ” ಎಂದು ಸೋದರಿಯವರು ನೊಂದುಕೊಂಡರು.

ಈ ತಪ್ಪು ಅವರೊಬ್ಬರದಲ್ಲ. ತಟ್ಟೆಯ ಮೇಲೆ ಪ್ರೀತಿಯುಳ್ಳವರೆಲ್ಲ ಮೊದಲು ಮಾಡುವ ತಪ್ಪೇ ಇದು. ಭಾರ ಸಾಲದ ಮುಳ್ಳು ಗೋಡೆಗಳ ನಡುವೆ ಊರಿಕೊಂಡು ನಿಲ್ಲುವುದಿಲ್ಲ. ದೊಡ್ಡ ಬಳುಕು ಬಂದಾಗ ಹಾರಿ, ಮರಳಿ ಬಿದ್ದು, ಗೋಡೆಯನ್ನು ಚಚ್ಚುತ್ತದೆ. ಹೇಳಿದ ಭಾರಕ್ಕಿಂತ ಒಂದಿಷ್ಟು ಹೆಚ್ಚಾದರೆ ಸವೆತವು ತುಸು ಹೆಚ್ಚೀತು. ಕಡಿಮೆಯಾದರೆ ತಟ್ಟೆಗೆ ಗಾಯವೇ ಆಗುತ್ತದೆ. ತಯಾರಕರು ಎರಡು ಅಂಕೆಗಳನ್ನು ಹೇಳಿದ್ದರೆ ಅವೆರಡರ ನಡುವಿನದನ್ನೋ ಅದಕ್ಕಿಂತ ಸ್ವಲ್ಪ ಮೇಲಿನದನ್ನೋ ಹಿಡಿಯುವುದು ಒಳಿತು. ನಮ್ಮ ಅಡಿಗೆಮನೆಯಲ್ಲಿ ಉಪ್ಪಿನ ವಿಷಯದಲ್ಲಿ ನಡೆಯುವ ನ್ಯಾಯವು ಇಲ್ಲಿ ನಡೆಯದು.

ಭಾರವನ್ನು ಇಡುವ ಕ್ರಮ ಹೀಗೆ. ತೋಳಿನ ಹಿಂತುದಿಯಲ್ಲಿರುವ ಗುಂಡನ್ನು ತಿರುಗಿಸುತ್ತ ತೋಳು ಯಾವ ಕಡೆಗೂ ವಾಲದೆ ಗಾಳಿಯಲ್ಲಿ ಸಮವಾಗಿ ತೇಲುವಂತೆ ಮಾಡಬೇಕು. ಆಗ ಗುಂಡನ್ನು ಅಲುಗಿಸದೆ ಹಿಡಿದು, ಅದರ ಮುಂದಿನ ಅಂಕೆಯ ಬಳೆಯನ್ನು ಮಾತ್ರ ಸೊನ್ನೆಗೆ ತರಬೇಕು. ಆಮೇಲೆ ಗುಂಡು, ಬಳೆ ಎರಡನ್ನೂ ಕೂಡಿಸಿ ಬೇಕಾದ ಅಂಕೆಯವರೆಗೆ ತಿರುಗಿಸಬೇಕು. ಬಳೆಯ ಅಂಕೆಯನ್ನು ಪೂರ್ತಿಯಾಗಿ ನಂಬಕೂಡದು, ತಕ್ಕಡಿಯಿಂದ ಪರೀಕ್ಷಿಸಬೇಕು. ಆ ತಕ್ಕಡಿಯು ಈಗ ಅಲ್ಪ ಬೆಲೆಗೆ ದೊರೆಯುತ್ತದೆ. ನಾವು ಎರಡು ಗ್ರಾಮಿಗೆ ನಿಲ್ಲಿಸಿದೆವು. ತೋಳು ಒಳಕ್ಕೆ ಜಾರದಂತೆ ತಡೆಯುವ ಇನ್ನೊಂದು ಗುಂಡಿಯನ್ನು ಮೊಮ್ಮಗನು ಮೂರಕ್ಕೆ ಇಟ್ಟಿದ್ದನು. ಅದನ್ನೂ ಎರಡಕ್ಕೆ ತಂದೆವು.

ಮತ್ತೆ ಹಾಡಿಸಿದಾಗ ಅರ್ಧ ರೋಗ ವಾಸಿಯಾಗಿತ್ತು. ಉಳಿದರ್ಧಕ್ಕೆ ಗೆರೆಯೆಳೆದ ಕಾಗದವನ್ನು ಹೊರತೆಗೆದೆವು. ಅಚ್ಚೊತ್ತುವ ಮೂಲತಟ್ಟೆಯನ್ನು ಕೊರೆಯುವ ಉಳಿಯು ಅಂಚಿನಿಂದ ಕೇಂದ್ರಕ್ಕೆ ನೇರವಾಗಿ ಸಾಗುತ್ತದೆ. ಮನೆಯ ತೋಳಾದರೋ ಒಂದು ಗೂಟದ ಸುತ್ತ ಕಮಾನಿನಂತೆ ತಿರುಗುತ್ತದೆ. ಆದುದರಿಂದ ಮುಳ್ಳು ಎಲ್ಲ ಕಡೆಯಲ್ಲಿಯೂ ಗೆರೆಗೆ ನೇರವಾಗಿರಲಾರದು. ಎರಡು ಜಾಗಗಳಲ್ಲಿ ಮಾತ್ರ ಪೂರ್ತಿ ನೇರವಾಗಿ, ಬೇರೆಡೆ ತಪ್ಪು ಆದಷ್ಟು ಕಡಿಮೆಯಿರುವಂತೆ ಮಾಡುವುದೇ ಉಪಾಯ. ಇದರ ಗಣಿತವನ್ನು 1938ರಲ್ಲಿ ಲೊಫ್‌ಗ್ರೆನ್ ಎಂಬವರೂ 1941ರಲ್ಲಿ ಬೇರ್ವಾಲ್ಡ್ ಎಂಬವರೂ ಬಿಡಿಸಿಟ್ಟಿದ್ದಾರೆ. ಈಗ ಬಹಳ ಬಳಕೆಯಲ್ಲಿರುವ ಲೆಕ್ಕದ ಪ್ರಕಾರ ಆ ಎರಡು ಜಾಗಗಳು ಕೇಂದ್ರದಿಂದ 66.0 ಮತ್ತು 120.9 ಮಿಲಿಮೀಟರು ದೂರದಲ್ಲಿವೆ. ಕಾಗದದ ಮೇಲೆ ಈ ಎರಡು ಚುಕ್ಕೆಗಳೂ ಅವುಗಳ ಸುತ್ತ ಚೌಕುಳಿಗೆರೆಗಳೂ ಇರುತ್ತವೆ. ಮುಳ್ಳನ್ನು ಚುಕ್ಕೆಯ ಮೇಲಿಟ್ಟು ನೋಡಿದರೆ, ಕಾರ್ಟ್ರಿಜ್ಜಿನ ಮಗ್ಗುಲುಗಳೂ, ಅದಕ್ಕಿಂತ ಮುಖ್ಯವಾಗಿ ಮುಳ್ಳಿನ ಸರಳೂ, ಎರಡೂ ಚುಕ್ಕೆಗಳಲ್ಲಿ ಗೆರೆಗಳಿಗೆ ಸಮಾಂತರವಾಗಿ ಕಾಣಬೇಕು. ಒಂದರಲ್ಲಿ ಕಂಡು ಇನ್ನೊಂದರಲ್ಲಿ ಕಾಣದಿದ್ದರೆ ಸ್ಕ್ರೂಗಳನ್ನು ಸಡಿಲಿಸಿ ಮುಂದಕ್ಕೋ ಹಿಂದಕ್ಕೋ ಕೂದಲೆಳೆಯಷ್ಟು ಸರಿಸಬೇಕು. ಇಂತಹ ಕಾಗದವನ್ನು ಮನೆಯಲ್ಲಿ ಅಚ್ಚು ಹಾಕಿಕೊಳ್ಳುವವರು ಅದು ಹಿಗ್ಗದೆ ಕುಗ್ಗದೆ ಬಂದಿದೆಯೇ ಎಂದು ಅಳತೆಪಟ್ಟಿಯಿಟ್ಟು ನೋಡಲೇಬೇಕು. ಒಂದು ಮಿಲಿಮೀಟರು ತಪ್ಪಿದರೂ ಮಾಡಿದ ಕೆಲಸವೆಲ್ಲ ವ್ಯರ್ಥ.

ಇಲ್ಲಿ ಕಾರ್ಟ್ರಿಜ್ಜು ಹೆಚ್ಚುಕಡಿಮೆ ನಾಲ್ಕು ಮಿಲಿಮೀಟರು ಹಿಂದಕ್ಕೆ ಕುಳಿತಿತ್ತು. ಬಿಚ್ಚುವ ಮೊದಲು ಮುಳ್ಳಿನ ತುಂಡನ್ನು ಎಳೆದು ತೆಗೆದು ಬಟ್ಟಲಿನಲ್ಲಿಟ್ಟೆವು. ಓದುಗರೂ ಹಾಗೆಯೇ ಮಾಡಲಿ. ಉಕ್ಕಿನ ತಿರುಪುಳಿಯನ್ನು ಕಾರ್ಟ್ರಿಜ್ಜಿನ ಸೂಜಿಗಲ್ಲು ತಟ್ಟನೆ ಸೆಳೆದುಕೊಳ್ಳುತ್ತದೆ. ಒಂದು ಕ್ಷಣದ ಅಜಾಗ್ರತೆಯಿಂದ ಸರಳು ಮುರಿದುಹೋಗುತ್ತದೆ. ಹಿಂದಿನ ನಾಲ್ಕು ತಂತಿಗಳನ್ನು ಎಳೆಯದೆ, ಅವುಗಳ ಹಿತ್ತಾಳೆಯ ತುದಿಗಳನ್ನು ಚಿಮುಟದಿಂದ ಹಿಡಿಯಬೇಕು. ಬಿಳಿ, ನೀಲಿ ಎಡಗಡೆಯವು. ಕೆಂಪು, ಹಸುರು ಬಲಗಡೆಯವು. ನೀಲಿ, ಹಸುರುಗಳು ಋಣಭಾಗ. ಕೂಡಿಸಿದ ಮೇಲೆ ಕನ್ನಡಿಯನ್ನು ಮಣೆಯ ಮೇಲಿಟ್ಟು, ಮುಳ್ಳನ್ನು ಇಳಿಸಿ, ಎದುರಿನಿಂದ ಕಣ್ಣನ್ನು ತಗ್ಗಿಸಿ ನೋಡಿದೆವು. ಕಾರ್ಟ್ರಿಜ್ಜೂ ಅದರ ಬಿಂಬವೂ ಒಂದೇ ನೇರದಲ್ಲಿದ್ದುವು, ವಾಲಿರಲಿಲ್ಲ. ಮಗ್ಗುಲಿನಿಂದ ನೋಡಿದರೆ ತೋಳು ತಟ್ಟೆಗೆ ಸಮಾಂತರವಾಗಿತ್ತು. ಕಾರ್ಟ್ರಿಜ್ಜನ್ನು ಸರಿಸಿದ ಮೇಲೆ ಭಾರವು ಬದಲಾಗುವುದರಿಂದ ಮತ್ತೊಮ್ಮೆ ತೂಗಿ ಎರಡು ಗ್ರಾಮಿಗೆ ತಂದೆವು. ಎಲ್ಲಕ್ಕೂ ಸೇರಿ ಒಂದೂವರೆ ಗಂಟೆ ಹಿಡಿಯಿತು. ಖರ್ಚು ಏನೂ ಇಲ್ಲ.

ತಂತಿಗಳ ಮಾತು ಬಂದುದರಿಂದ ಇದೊಂದನ್ನು ಹೇಳಿಬಿಡುತ್ತೇವೆ. ತಟ್ಟೆಯನ್ನು ಕೊರೆಯುವಾಗ ಕೆಳಸ್ವರಗಳನ್ನು ಕುಗ್ಗಿಸಿ ಮೇಲುಸ್ವರಗಳನ್ನು ಹಿಗ್ಗಿಸಿರುತ್ತಾರೆ. 1954ರಿಂದ ಅದಕ್ಕೊಂದು ಸಾಮಾನ್ಯವಾದ ಕಟ್ಟಳೆಯುಂಟು. ಅದನ್ನು ಯಥಾಸ್ಥಿತಿಗೆ ತರುವುದು ಫೋನೊ ವರ್ಧಕದ ಕೆಲಸ. ಟರ್ನ್‌ಟೇಬಲ್ಲಿನ ಒಳಗೇ ಅದಿದ್ದರೆ ಹೊರಗಿನದನ್ನು ಸೇರಿಸಬಾರದು. ಎಲ್ಲಿಯೂ ಇಲ್ಲದಿದ್ದರೆ ಹಾಡು ಸೊಳ್ಳೆಯ ದನಿಯಂತೆ ಸಣ್ಣಗೆ ಕೇಳಿಸುತ್ತದೆ. ಕಾರ್ಟ್ರಿಜ್ಜು ಕೆಟ್ಟಿತೆಂದು ಹೊಸದನ್ನು ತರಿಸಿ, ಕೊನೆಗೆ ತಪ್ಪಿದ್ದುದು ಈ ಒಂದು ಗುಂಡಿಯೆಂದು ತಿಳಿದವರನ್ನು ನಾವು ಬಲ್ಲೆವು.

ದೀಪ ಹಚ್ಚುವ ಹೊತ್ತಿಗೆ ಅದೇ ಮನಸೂರರ ತಟ್ಟೆಯನ್ನು ಮತ್ತೆ ಹಾಕಿದೆವು. ದ್ರುತ ಬಂದಿತು, ತಾನಗಳು ಒಂದೊಂದಾಗಿ, ಬಿಡಿಬಿಡಿಯಾಗಿ, ಮುತ್ತು ಪೋಣಿಸಿದಂತೆ ಬಂದುವು. ಸೋದರಿಯವರು ಸೆರಗನ್ನು ಬಾಯಿಗೆ ಹಿಡಿದುಕೊಂಡು ಕೊನೆಯವರೆಗೂ ಕೇಳಿದರು. “ಇದ ನೋಡ್ರಿ. ಅವರಿದ್ದಾಗ ಹಿಂಗ ಕೇಳಸ್ತಿತ್ತು” ಎಂದರು.

ಆಮೇಲೆ ಒಳಗೆ ಹೋಗಿ ಮತ್ತೊಂದು ತಟ್ಟೆಯನ್ನು ತಂದರು. ಲಕೋಟೆಯ ಮೂಲೆಗಳೆಲ್ಲ ಸವೆದು ದುಂಡಾಗಿದ್ದುವು. ಅದು ಯಜಮಾನರು ದಿನವೂ ಬೆಳಗ್ಗೆ ಪೂಜೆಗೆ ಮುಂಚೆ ಹಾಕುತ್ತಿದ್ದ ಭಜನೆಗಳ ತಟ್ಟೆ. ಹಾಕಿದೆವು. ಮೊದಲಿನಿಂದ ಕಡೆಯವರೆಗೂ ಕಂಠವು ಬಿರಿದೇ ಇತ್ತು. ಹಳೆಯ ಪೆಟ್ಟಿಗೆಯ ಮುಳ್ಳನ್ನು ಎಷ್ಟು ವರ್ಷಕ್ಕೊಮ್ಮೆ ಬದಲಾಯಿಸುತ್ತಿದ್ದರೆಂದು ಕೇಳಿದೆವು. ಬದಲಾಯಿಸಿದ್ದುದು ನೆನಪಿಲ್ಲವೆಂದರು.

ವಜ್ರವೂ ಸವೆಯುತ್ತದೆ. ಸವೆದಾಗ ಮೊಂಡಾಗುವ ಬದಲು ಅದರ ಎರಡು ಮಗ್ಗುಲುಗಳಲ್ಲಿಯೂ ಚಪ್ಪಟೆಯಾದ ಮುಖಗಳು ಹುಟ್ಟಿ, ಅವುಗಳ ಅಂಚು ಉಳಿಯ ಬಾಯಿಯಂತಾಗುತ್ತದೆ. ಅಂದಿನಿಂದ ಅದು ನುಡಿಸುವ ಪ್ರತಿಯೊಂದು ಸಲವೂ ಮೇಲುಸ್ವರಗಳನ್ನು ಹೆರೆದು ಹಾಕುತ್ತದೆ. ಯಾರನ್ನೂ ದೂರುವ ಹಕ್ಕು ನಮಗಿಲ್ಲ. ನಮ್ಮ ಮನೆಯಲ್ಲಿಯೇ ಒಂಬತ್ತು ವರ್ಷ ಒಂದೇ ಮುಳ್ಳಿನಿಂದ ತ್ಯಾಗರಾಜರ ಕೃತಿಗಳ ಒಂದು ತಟ್ಟೆಯನ್ನು ನುಡಿಸಿ, ಹಾಡಿನ ಮೇಲೆ ಭಕ್ತಿಯುಂಟೆಂದು ಹೆಮ್ಮೆಪಡುತ್ತಿದ್ದೆವು. ಹೊಸ ಮುಳ್ಳು ಬಂದ ದಿನ ಆ ತಟ್ಟೆಯನ್ನು ಕೇಳಿ ನಮ್ಮ ಹಿರಿಯಕ್ಕನು ಎದ್ದು ಒಳಗೆ ಹೋದದ್ದು ನಮಗೆ ಇನ್ನೂ ನೆನಪಿದೆ. ಅಂದಿನಿಂದ ನಾವು ತಟ್ಟೆಯ ಕಪಾಟಿನ ಬಾಗಿಲಿಗೆ ಒಂದು ಚೀಟಿಯನ್ನು ಅಂಟಿಸಿ, ಹಾಲಿನ ಲೆಕ್ಕದಂತೆ, ನುಡಿಸಿದ ಪ್ರತಿಯೊಂದು ಮಗ್ಗುಲಿಗೂ ಒಂದು ಗೀಟು ಹಾಕುತ್ತೇವೆ. ಮೂರು ಗೀಟಿಗೆ ಸುಮಾರು ಒಂದು ಗಂಟೆ. ಮುಳ್ಳನ್ನು ಪ್ರತಿ ಸಲವೂ ಮೆತ್ತನೆಯ ಕುಂಚದಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಒರಸುತ್ತೇವೆ.

“ಇದು ಸರಿ ಆಗೂದಿಲ್ಲೇನ್ರಿ?” ಎಂದು ಸೋದರಿಯವರು ಕೇಳಿದರು. ಹೆರೆದುಹೋದ ಗೋಡೆಯು ಮತ್ತೆ ಬೆಳೆಯದೆಂದು ಹೇಳಬೇಕಾಯಿತು. ಆದರೂ ಒಂದು ಆಸೆಯನ್ನು ತೋರಿಸಿದೆವು. ಹಳೆಯ ಪೆಟ್ಟಿಗೆಯ ಮುಳ್ಳು ದುಂಡು ತುದಿಯದು. ಅದು ಗೋಡೆಯನ್ನು ಒಂದೇ ಎತ್ತರದಲ್ಲಿ ಉಜ್ಜಿದೆ. ಮೈಕ್ರೊಲೈನಿನಂತಹ ತುದಿಯು ಅದರ ಮೇಲೂ ಕೆಳಗೂ ಮುಟ್ಟುವುದರಿಂದ ಸವೆಯದೆ ಉಳಿದ ಭಾಗದಿಂದ ಏನಾದರೂ ಸಿಕ್ಕೀತು, ಸಿಕ್ಕದೆಯೂ ಹೋದೀತು. ಅವರ ಕಾರ್ಟ್ರಿಜ್ಜಿನ ಪೆಟ್ಟಿಗೆಗೆ ಆ ಮುಳ್ಳು ಕೂಡುತ್ತದೆ. ಮಗನು ಹೇಳಿದ ಹಣದಲ್ಲಿ ಮೂರನೆಯ ಒಂದು ಪಾಲು ಸಾಕಾದೀತು. ಉಳಿದ ಎಪ್ಪತ್ತೊಂಬತ್ತು ತಟ್ಟೆಗಳಿಗೆ ಈಗಿರುವುದೇ ಸಾಕೆಂದೂ, ಈ ಒಂದಕ್ಕಾಗಿ ಖರ್ಚು ಮಾಡುವುದು ಅವರ ಮನಸ್ಸಿಗೆ ಬಿಟ್ಟದ್ದೆಂದೂ ಹೇಳಿ ಬಂದೆವು.

ಈ ಲೇಖನವನ್ನು ಅಚ್ಚಿಗೆ ಕಳುಹಿಸುವ ಹೊತ್ತಿಗೆ ಅವರ ಇನ್ನೊಂದು ಕಾಗದವು ಬಂದಿದೆ. ಮುಳ್ಳನ್ನು ತರಿಸಿದರಂತೆ, ಮೊಮ್ಮಗನು ತೂಗಿ, ಕಾಗದದ ಮೇಲಿಟ್ಟು ನೋಡಿ, ತಾನೇ ಕೂಡಿಸಿದನಂತೆ. ಭಜನೆಯ ತಟ್ಟೆಯು ರೂಪಾಯಿಗೆ ಹತ್ತಾಣೆಯಷ್ಟು ಸರಿಹೋಗಿದೆ, ಎರಡನೆಯ ಮಗ್ಗುಲಿನ ಕೊನೆಯ ಹಾಡು ಮಾತ್ರ ಹೋದಂತೆಯೇ ಸರಿ, ಎಂದು ಬರೆದಿದ್ದಾರೆ. 78ರ ಮುಳ್ಳಿಗೂ ಹೇಳಿದ್ದಾರಂತೆ. ಅದು ಕೈಸೇರುವವರೆಗೆ ಗಂಗೂಬಾಯಿಯವರ ತಟ್ಟೆಯು ಕಪಾಟಿನಲ್ಲಿಯೇ ಇರುವುದೆಂದೂ, ಕಪಾಟಿನ ಕೀಲಿಯು ತಮ್ಮ ಸೊಂಟದಲ್ಲಿಯೇ ಇದೆಯೆಂದೂ ತಿಳಿಸಿದ್ದಾರೆ.